ಅಟ್ಟದ ಮೇಲಿನ ಟ್ರಂಕು

ನಮ್ಮೂರು ಜಾವಳಿ. ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಗಳ ನಡುವೆ, ಗುಡ್ಡದ ಮಡಿಲಲ್ಲಿ ಕುಳಿತ ಊರು. ಹೇಮಾವತಿ ನದಿ ಹುಟ್ಟುವುದು ಇಲ್ಲೇ. ಗಣಪತಿ ದೇವಸ್ಥಾನದ ಹತ್ತಿರ ಸಣ್ಣ ನೀರಾಗಿ ಹೊರಟ ಅದು ಗೊರೂರಿನ ಅಣೆಕಟ್ಟು ದಾಟಿ, ಕಾವೇರಿ ಸೇರಿ, ಕೊನೆಗೆ ಬಂಗಾಳಕೊಲ್ಲಿ ತಲುಪುತ್ತದೆ. ಹತ್ತಿರದ ಬಲ್ಲಾಳರಾಯನ ದುರ್ಗದ ನೆತ್ತಿಯಿಂದ ಪಶ್ಚಿಮಕ್ಕೆ ಜಾರಿದ ನೀರು ಬಂಡಾಜೆಯಲ್ಲಿ ಧುಮುಕಿ, ನೇತ್ರಾವತಿಯಾಗಿ, ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ಮೋಡದ ಎರಡು ಹನಿಗಳಲ್ಲಿ ಒಂದು ಪೂರ್ವದ ಕಡಲಿಗೆ, ಇನ್ನೊಂದು ಪಶ್ಚಿಮದ ಕಡಲಿಗೆ ಹೋಗುತ್ತದೆ. ನಾನು ಮೇಷ್ಟ್ರಾಗಿದ್ದಾಗ ಈ ಮಾತನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಆದರೆ ನಾನೇ ಮೊದಲ ಸಲ ಸಮುದ್ರ ನೋಡಿದ್ದು ಹದಿನೇಳು ವರ್ಷ ತುಂಬಿದ ಮೇಲೆ.

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆ. ಹಸಿರು ಬಣ್ಣದ್ದು. ಅದರಲ್ಲಿ ಹಳೆಯ ಲೆಕ್ಕದ ಪುಸ್ತಕಗಳು, ಮಳೆಗಾಲದ ಕಂಬಳಿಗಳು ಇರುತ್ತಿದ್ದವು. ಅದನ್ನು ಯಾಕೆ ಕೊಂಡದ್ದು ಎಂಬುದು ಕಳೆದ ದಸರಾ ರಜೆಯವರೆಗೆ ನನ್ನೊಬ್ಬನಿಗೇ ಗೊತ್ತಿತ್ತು. ನನ್ನ ಮೊಮ್ಮಗಳು ಒಂದು ಪ್ರಶ್ನೆ ಕೇಳದೇ ಇದ್ದಿದ್ದರೆ ಅದು ನನ್ನ ಜತೆಗೇ ಹೋಗಿಬಿಡುತ್ತಿತ್ತು.

ಪುಟ್ಟಿ ಹತ್ತನೆಯ ತರಗತಿ ಓದುತ್ತಿದ್ದಾಳೆ. ಹನ್ನೆರಡನೆಯ ತರಗತಿ ಮುಗಿಸಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ ಬರೆಯಬೇಕು, ನೌಕಾಪಡೆ ಸೇರಬೇಕು ಎಂದು ಒಂದು ವರ್ಷದಿಂದ ಹಟ. ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2021ರಲ್ಲಿ ಹುಡುಗಿಯರಿಗೂ ಆ ಪರೀಕ್ಷೆಯ ಬಾಗಿಲು ತೆರೆಯಿತು. 2022ರಲ್ಲಿ ಒಳಗೆ ಹೋದ ಮೊದಲ ತಂಡದ 17 ಹುಡುಗಿಯರು 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದರು. ಪತ್ರಿಕೆಯಲ್ಲಿ ಬಂದ ಅವರ ಚಿತ್ರವನ್ನು ಅವಳು ಕತ್ತರಿಸಿ ಓದುವ ಮೇಜಿನ ಮುಂದೆ ಅಂಟಿಸಿದ್ದಾಳೆ.

ಮಗನಿಗೆ ಇದು ಇಷ್ಟವಿಲ್ಲ. ಒಬ್ಬಳೇ ಮಗಳು. ಒಂದು ರಾತ್ರಿ ಊಟ ಮುಗಿದ ಮೇಲೆ ಜಗಲಿಗೆ ಬಂದು ಮೆಲ್ಲಗೆ ಹೇಳಿದ: “ಅಪ್ಪಾ, ನೀವು ಹೇಳಿದರೆ ಕೇಳ್ತಾಳೆ. ನಿಮ್ಮ ಕತೆಯನ್ನೇ ಹೇಳಿ. ಅಜ್ಜಿ ಬೇಡ ಅಂದದ್ದಕ್ಕೆ ನೀವು ಹೋಗಲಿಲ್ಲ, ಆದರೂ ಒಳ್ಳೆಯ ಬಾಳು ಬಾಳಿದಿರಿ ಅಂತ.”

ನನ್ನ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. 1971ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ, ಮಂಗಳೂರಿಗೆ ಹೋಗಿ ನೌಕಾಪಡೆಯ ನಾವಿಕರ ಆಯ್ಕೆಯಲ್ಲಿ ಗೆದ್ದು ಬಂದ. ಆಗಲೇ ಅವನು ಮೊದಲ ಸಲ ಸಮುದ್ರ ನೋಡಿದ್ದು. ಡಿಸೆಂಬರಿನಲ್ಲಿ ಯುದ್ಧ ಬಂತು. ಹಡಗೊಂದು ಮುಳುಗಿದ ಸುದ್ದಿ ರೇಡಿಯೋದಲ್ಲಿ ಬಂತು. ಅವನ ಅಮ್ಮ ಅತ್ತು ಕರೆದು, ಹೋಗಬೇಡ ಅಂದಳು. ಹುಡುಗ ಅಮ್ಮನ ಮಾತು ಮೀರಲಿಲ್ಲ. ಮುಂದೆ ಮೇಷ್ಟ್ರಾದ. ಇಷ್ಟೇ ಕತೆ. ಐವತ್ತು ವರ್ಷ ಇದನ್ನೇ ಹೇಳಿದ್ದೇನೆ, ಶಾಲೆಯ ಮಕ್ಕಳಿಗೂ ಹೇಳಿದ್ದೇನೆ.

“ಆಯಿತು, ನೋಡ್ತೀನಿ” ಅಂದೆ ಮಗನಿಗೆ.

ಅಷ್ಟರಲ್ಲಿ ಪುಟ್ಟಿಯ ಶಾಲೆಯಲ್ಲಿ ಒಂದು ಕೆಲಸ ಕೊಟ್ಟರು. ಕರ್ನಾಟಕದ ನಂಟಿರುವ ಒಬ್ಬ ಸೇನಾಧಿಕಾರಿಯ ಬಗ್ಗೆ ಬರೆದು ತರಬೇಕು. ಅರ್ಧ ತರಗತಿ ಜನರಲ್ ಕಾರ್ಯಪ್ಪನವರನ್ನೂ, ಉಳಿದರ್ಧ ಜನರಲ್ ತಿಮ್ಮಯ್ಯನವರನ್ನೂ ಹಂಚಿಕೊಂಡಿತು. “ತಾತಾ, ನೌಕಾಪಡೆಯವರು ಯಾರೂ ಇಲ್ವಾ?” ಅಂತ ಕೇಳಿದಳು. ಸಮಾಜ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತನಾದ ನನಗೆ ಥಟ್ಟನೆ ಒಂದು ಹೆಸರೂ ಬಾಯಿಗೆ ಬರಲಿಲ್ಲ. ನಾಚಿಕೆಯಾಯಿತು. ಇಬ್ಬರೂ ಕುಳಿತು ಹುಡುಕಿದೆವು. ಸಿಕ್ಕಿದ ಹೆಸರು ಅಡ್ಮಿರಲ್ ಆಸ್ಕರ್ ಸ್ಟ್ಯಾನ್ಲಿ ಡಾಸನ್.

ಮಕ್ಕಳೇ, ನಿಮ್ಮಲ್ಲಿ ಬಹಳ ಮಂದಿ ಈ ಹೆಸರು ಕೇಳಿರಲಾರಿರಿ. ಡಾಸನ್ ಹುಟ್ಟಿದ್ದು 1923ರಲ್ಲಿ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ ನೌಕಾಪಡೆ ಸೇರಿದರು. ಆಗ ಅದಕ್ಕೆ ರಾಯಲ್ ಇಂಡಿಯನ್ ನೇವಿ ಎಂದು ಹೆಸರು. ದೇಶ ಸ್ವತಂತ್ರವಾದ ಮೇಲೆ ಭಾರತೀಯ ನೌಕಾಪಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ, 1982ರಲ್ಲಿ ಅದರ ಮುಖ್ಯಸ್ಥರಾದರು. 1984ರ ನವೆಂಬರಿನಲ್ಲಿ ನಿವೃತ್ತರಾದರು. ಆಮೇಲೆ ನ್ಯೂಜಿಲೆಂಡಿನಲ್ಲಿ ನಮ್ಮ ದೇಶದ ಹೈಕಮಿಷನರ್ ಆಗಿದ್ದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 2011ರ ಅಕ್ಟೋಬರಿನಲ್ಲಿ ಅಲ್ಲೇ ತೀರಿಕೊಂಡರು.

“ಮೆಟ್ಟಿಲು ಅಂದರೆ ಎಷ್ಟು ಮೆಟ್ಟಿಲು?” ಎಂದಳು ಪುಟ್ಟಿ. ಲೆಕ್ಕ ಹಾಕಿದೆವು. ಸಬ್ ಲೆಫ್ಟಿನೆಂಟ್, ಲೆಫ್ಟಿನೆಂಟ್, ಲೆಫ್ಟಿನೆಂಟ್ ಕಮಾಂಡರ್, ಕಮಾಂಡರ್, ಕ್ಯಾಪ್ಟನ್, ಕಮೊಡೋರ್, ರಿಯರ್ ಅಡ್ಮಿರಲ್, ವೈಸ್ ಅಡ್ಮಿರಲ್, ಅಡ್ಮಿರಲ್. ಒಟ್ಟು ಒಂಬತ್ತು. ಇಲ್ಲಿ ಒಂದು ತಮಾಷೆಯಿದೆ. ಭೂಸೇನೆಯಲ್ಲಿ ಕ್ಯಾಪ್ಟನ್ ಎಂದರೆ ಕೆಳಗಿನಿಂದ ಎರಡನೆಯ ಮೆಟ್ಟಿಲು. ನೌಕಾಪಡೆಯಲ್ಲಿ ಕ್ಯಾಪ್ಟನ್ ಎಂದರೆ ಭೂಸೇನೆಯ ಕರ್ನಲ್‌ಗೆ ಸಮ. ಹಡಗಿನವರ ಕ್ಯಾಪ್ಟನ್ ಸಾಹೇಬರನ್ನು ಭೂಸೇನೆಯ ಕ್ಯಾಪ್ಟನ್ ಎಂದುಕೊಂಡು ಹೆಗಲು ತಟ್ಟಲು ಹೋಗಬೇಡಿ!

ಪುಟ್ಟಿಗೆ ಬೇಕಾದದ್ದು ಯುದ್ಧದ ಕತೆ. 1971ರ ಡಿಸೆಂಬರ್ 4ರ ರಾತ್ರಿ ನಮ್ಮ ನೌಕಾಪಡೆ ಕರಾಚಿ ಬಂದರಿನ ಮೇಲೆ ದಾಳಿ ಮಾಡಿತು. ಅದಕ್ಕೇ ಪ್ರತಿ ಡಿಸೆಂಬರ್ 4ನ್ನು ನೌಕಾಪಡೆಯ ದಿನ ಎಂದು ಆಚರಿಸುವುದು. ದಾಳಿ ಮಾಡಿದವು ದೊಡ್ಡ ಯುದ್ಧನೌಕೆಗಳಲ್ಲ. ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಪುಟ್ಟ ಕ್ಷಿಪಣಿ ದೋಣಿಗಳು. ಬಂದರು ಕಾಯುವುದಕ್ಕೆಂದು ಸೋವಿಯತ್ ಒಕ್ಕೂಟ ಮಾಡಿದ ದೋಣಿಗಳವು. ಬಹಳ ದೂರ ಹೋಗುವ ಶಕ್ತಿ ಅವಕ್ಕಿರಲಿಲ್ಲ. ಅವು ರಷ್ಯಾದಿಂದ ಬಂದಾಗ ಅವನ್ನು ಎತ್ತಿ ಇಳಿಸುವಂಥ ಕ್ರೇನು ಮುಂಬಯಿಯಲ್ಲಿ ಇರಲಿಲ್ಲ. ಕಲ್ಕತ್ತೆಯಲ್ಲಿ ಇಳಿಸಿ, ಬೇರೆ ಹಡಗುಗಳ ಬಾಲಕ್ಕೆ ಕಟ್ಟಿ, ಇಡೀ ಪರ್ಯಾಯ ದ್ವೀಪ ಸುತ್ತಿಸಿ ಮುಂಬಯಿಗೆ ತಂದರು. ಹಾಗೆ ಎಳೆದು ತರುವಾಗಲೇ ನಮ್ಮವರಿಗೆ ಒಂದು ಉಪಾಯ ಹೊಳೆಯಿತು: ಎಳೆದುಕೊಂಡು ಹೋಗಬಹುದಾದರೆ ಬಂದರು ಕಾಯುವ ದೋಣಿಯನ್ನು ದೂರದ ಬಂದರಿಗೂ ಒಯ್ಯಬಹುದಲ್ಲ! ಆ ರಾತ್ರಿ ಶತ್ರುಗಳ ಎರಡು ಯುದ್ಧನೌಕೆಗಳು, ಖೈಬರ್ ಮತ್ತು ಮುಹಾಫಿಜ್, ಮುಳುಗಿದವು. ನಮ್ಮ ಮೂರೂ ದೋಣಿಗಳು ಕ್ಷೇಮವಾಗಿ ಮರಳಿದವು.

“ಡಾಸನ್ ಯಾವ ದೋಣಿಯಲ್ಲಿದ್ದರು?”

“ಯಾವುದರಲ್ಲೂ ಇರಲಿಲ್ಲ. ದೆಹಲಿಯಲ್ಲಿದ್ದರು. ನೌಕಾಪಡೆಯ ಕಾರ್ಯಾಚರಣೆಗಳ ನಿರ್ದೇಶಕರಾಗಿ.”

ಅವಳ ಮುಖ ಸಪ್ಪಗಾಯಿತು. “ಹಾಗಾದರೆ ಯುದ್ಧ ಮಾಡಲೇ ಇಲ್ಲ. ಆಫೀಸಿನಲ್ಲಿ ಕೂತಿದ್ದರು.”

ನನಗೆ ನನ್ನ ಅಪ್ಪನ ನೆನಪಾಯಿತು. ಅಪ್ಪ ತೋಟದ ರೈಟರ್. ಅವರು ಹಣ್ಣು ಕೊಯ್ದವರಲ್ಲ, ಮರಗಸಿ ಮಾಡಿದವರಲ್ಲ. ಆದರೆ ಯಾವ ಪಟ್ಟೆಯಲ್ಲಿ ಹಣ್ಣು ಬಲಿತಿದೆ, ಇವತ್ತು ಎಷ್ಟು ಆಳು ಎಲ್ಲಿಗೆ, ಕಣದಲ್ಲಿ ಎಷ್ಟು ಕಾಫಿ ಹರಡಿದೆ, ಮೋಡ ಕಟ್ಟಿದರೆ ಮೊದಲು ಯಾವುದನ್ನು ಒಳಗೆ ಹಾಕಬೇಕು ಎಂಬುದೆಲ್ಲ ಅವರ ತಲೆಯಲ್ಲಿ ಇರುತ್ತಿತ್ತು. ಅವರೊಂದು ದಿನ ಲೆಕ್ಕ ತಪ್ಪಿದರೆ ಇಡೀ ವರ್ಷದ ಬೆಳೆ ಕಣದಲ್ಲಿ ನೆನೆಯುತ್ತಿತ್ತು. ಪುಟ್ಟಿಗೆ ಅದನ್ನೇ ಹೇಳಿದೆ. ಯುದ್ಧದಲ್ಲಿಯೂ ಹಾಗೆಯೇ. ಅರಬ್ಬಿ ಸಮುದ್ರದಲ್ಲಿ ಯಾವ ಹಡಗು ಎಲ್ಲಿದೆ, ಅದರಲ್ಲಿ ಎಷ್ಟು ಎಣ್ಣೆ ಉಳಿದಿದೆ, ಬಂಗಾಳಕೊಲ್ಲಿಯಲ್ಲಿ ವಿಕ್ರಾಂತ್ ಏನು ಮಾಡಬೇಕು, ಯಾವ ಆಜ್ಞೆ ಯಾವಾಗ ಹೋಗಬೇಕು ಎಂದು ಹಗಲು ರಾತ್ರಿ ನೋಡುವವರು ಬೇಕು. ಅಂದಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ನಂದಾ ಅವರ ಕೈಕೆಳಗೆ ಆ ಹೊಣೆ ಹೊತ್ತವರಲ್ಲಿ ಡಾಸನ್ ಒಬ್ಬರು. ಚಿತ್ರದಲ್ಲಿ ಕಾಣದ ಕೆಲಸ ಅದು.

ಪುಟ್ಟಿ ಸ್ವಲ್ಪ ಹೊತ್ತು ಯೋಚಿಸಿ, “ಮುತ್ತಜ್ಜನಂಥವರು” ಎಂದು ಬರೆದುಕೊಂಡಳು.

ಆದರೆ ಡಾಸನ್ ಅವರನ್ನು ನಮ್ಮ ರಾಜ್ಯಕ್ಕೆ ಕಟ್ಟಿಹಾಕುವ ದೊಡ್ಡ ಕೆಲಸ ಬೇರೆಯೇ ಇದೆ. 1971ರ ಯುದ್ಧದ ಹೊತ್ತಿಗೆ ಪಶ್ಚಿಮದ ನಮ್ಮ ಹಡಗುಗಳೆಲ್ಲ ಹೆಚ್ಚಾಗಿ ಮುಂಬಯಿಯಲ್ಲೇ ನಿಲ್ಲಬೇಕಿತ್ತು. ಅಲ್ಲೇ ವ್ಯಾಪಾರದ ಹಡಗುಗಳು, ಅಲ್ಲೇ ಮೀನಿನ ದೋಣಿಗಳು, ಅಲ್ಲೇ ಯುದ್ಧನೌಕೆಗಳು. ಸಂತೆಯ ದಿನ ಮೂಡಿಗೆರೆಯ ರಸ್ತೆಯಲ್ಲಿ ಲಾರಿ ನಿಂತ ಹಾಗೆ. ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿಟ್ಟರೆ ಅಪಾಯ. ಡಾಸನ್ ಮುಖ್ಯಸ್ಥರಾದ ಮೇಲೆ ಇದಕ್ಕೊಂದು ಯೋಜನೆ ಹಾಕಿದರು. ಮುಂಬಯಿಗೂ ಕೊಚ್ಚಿಗೂ ನಡುವೆ, ಹಿಂದೆ ಸಹ್ಯಾದ್ರಿಯ ಗೋಡೆ, ಮುಂದೆ ಆಳವಾದ ಕಡಲು, ಕಾವಲಿಗೆ ದ್ವೀಪಗಳು ಇರುವ ಜಾಗ ಹುಡುಕಿದರೆ ಕಣ್ಣು ನಿಲ್ಲುವುದು ನಮ್ಮ ಕಾರವಾರದ ಮೇಲೆ. ಅಲ್ಲಿ ಯುದ್ಧನೌಕೆಗಳಿಗಾಗಿಯೇ ಒಂದು ದೊಡ್ಡ ನೆಲೆ ಕಟ್ಟಬೇಕು ಎಂಬುದು ಯೋಜನೆ. ಅದಕ್ಕೆ ಸೀಬರ್ಡ್ ಎಂದು ಹೆಸರಾಯಿತು.

ಆದರೆ ಡಾಸನ್ ನಿವೃತ್ತರಾದಾಗ ಅಲ್ಲಿ ಒಂದು ಕಲ್ಲೂ ಎದ್ದಿರಲಿಲ್ಲ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಆಮೇಲೆ ದೇಶದಲ್ಲಿ ಹಣದ ಮುಗ್ಗಟ್ಟು ಬಂದು ಕೆಲಸ ವರ್ಷಗಟ್ಟಲೆ ಕುಂಟಿತು. ಕೊನೆಗೆ 2005ರ ಮೇ 31ರಂದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ಶುರುವಾಯಿತು. ಬನವಾಸಿಯಿಂದ ಆಳಿದ ನಮ್ಮ ಕದಂಬರ ಹೆಸರು. ಅಷ್ಟು ಹೊತ್ತಿಗೆ ಡಾಸನ್ ಅವರಿಗೆ 81 ವರ್ಷ.

“ಇಪ್ಪತ್ತು ವರ್ಷದ ಮೇಲಾಯ್ತು! ಅವರು ಇದ್ದಾಗ ಮುಗಿಯೋದಿಲ್ಲ ಅಂತ ಗೊತ್ತಿದ್ದೂ ಯಾಕೆ ಶುರು ಮಾಡಿದರು?” ಎಂದಳು ಪುಟ್ಟಿ.

ಅಂಗಳದ ಅಂಚಿನ ಹಲಸಿನ ಮರ ತೋರಿಸಿದೆ. “ಅದನ್ನು ನೆಟ್ಟವರು ನನ್ನ ಅಜ್ಜ. ತಿನ್ನುವವಳು ನೀನು” ಅಂದೆ.

ಹೀಗೆ ಶುರುವಾದ ಮಾತು, ಕಾರವಾರ ನೋಡಲೇಬೇಕು ಎಂಬಲ್ಲಿಗೆ ಬಂತು. ದಸರಾ ರಜೆಯಲ್ಲಿ ಮಗ ಕಾರು ತೆಗೆದ. ದಾರಿಯಲ್ಲಿ ನಾನು ಅವಳಿಗೆ ಬುದ್ಧಿ ಹೇಳುತ್ತೇನೆ ಎಂಬ ಆಸೆ ಅವನಿಗೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿದೆವು. ಉಡುಪಿ, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ. ಅಂಕೋಲಾ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿ ಉದ್ದಕ್ಕೂ ಗೋಡೆ. ಒಳಗೆ ಹೋಗುವಂತಿಲ್ಲ, ಚಿತ್ರ ತೆಗೆಯುವಂತಿಲ್ಲ. ಅದರಾಚೆ ಅಂಜುದೀವ್ ದ್ವೀಪವನ್ನು ಕಲ್ಲಿನ ಒಡ್ಡಿನಿಂದ ದಡಕ್ಕೆ ಜೋಡಿಸಿದ್ದಾರೆ. ವಿಕ್ರಮಾದಿತ್ಯದಂಥ ವಿಮಾನವಾಹಕ ನೌಕೆ ಬಂದು ನಿಲ್ಲುವುದು ಅಲ್ಲೇ.

ಆ ಗೋಡೆಯನ್ನು ನೋಡುತ್ತ ಇನ್ನೊಂದು ಮಾತನ್ನೂ ಪುಟ್ಟಿಗೆ ಹೇಳಿದೆ. ಈ ನೆಲೆಗಾಗಿ ಕರಾವಳಿಯ ಹಲವು ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ, ಮೀನು ಹಿಡಿಯುವ ದಂಡೆ ಎಲ್ಲ ಬಿಟ್ಟು ಎದ್ದು ಹೋಗಿವೆ. ನಕ್ಷೆಯ ಮೇಲೆ ಒಂದು ಗೆರೆ ಎಳೆದರೆ ಅದು ಯಾರದೋ ಅಡುಗೆಮನೆಯ ಮೇಲೆ ಹಾದುಹೋಗುತ್ತದೆ. ನೀನು ಮುಂದೆ ಯಾವ ಅಧಿಕಾರಿಯಾದರೂ ಆ ಅಡುಗೆಮನೆಯನ್ನು ಮರೆಯಬೇಡ ಅಂದೆ. “ಅದನ್ನೂ ಬರೀತೀನಿ” ಅಂದಳು. ಬರೆದಳು ಕೂಡ.

ಕಾರವಾರದ ಟಾಗೋರ್ ಕಡಲ ತೀರದಲ್ಲಿ ಚಪಲ್ ಎಂಬ ಯುದ್ಧನೌಕೆಯನ್ನು ದಡಕ್ಕೆ ತಂದು ನಿಲ್ಲಿಸಿದ್ದಾರೆ. ಕರಾಚಿಗೆ ಹೋದ ದೋಣಿಗಳ ಜಾತಿಯದೇ, ಅವಕ್ಕಿಂತ ಕೆಲವು ವರ್ಷ ಆಮೇಲೆ ಬಂದ ತಂಗಿ. ನಿವೃತ್ತಿಯ ಮೇಲೆ ವಸ್ತುಸಂಗ್ರಹಾಲಯವಾಗಿದೆ. ಉದ್ದ ಸುಮಾರು 38 ಮೀಟರ್. ನಾಲ್ಕು ಶಾಲಾ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟೇ. ಸುತ್ತು ಹಾಕಿ ಬಂದೆವು. ಇಷ್ಟು ಚಿಕ್ಕದರಲ್ಲಿ ಕುಳಿತು ರಾತ್ರಿ ಹೊತ್ತು ಅಷ್ಟು ದೂರ ಹೋದರೇ ಎಂದು ಮಗನೂ ಬಾಯಿ ಮೇಲೆ ಬೆರಳಿಟ್ಟುಕೊಂಡ. ಆಮೇಲೆ ನನಗೊಂದು ಸನ್ನೆ ಮಾಡಿ, ಕಡಲೆಕಾಯಿ ತರುವ ನೆಪದಲ್ಲಿ ಎದ್ದು ಹೋದ.

ನಾನು ಗಂಟಲು ಸರಿಮಾಡಿಕೊಂಡೆ. “ನೋಡು ಪುಟ್ಟೀ, ಸಮುದ್ರ ಅಂದರೆ ಆಟವಲ್ಲ. 1971ರ ಡಿಸೆಂಬರ್ 9ರ ರಾತ್ರಿ ದೀವ್ ಹತ್ತಿರ ನಮ್ಮ ಖುಕ್ರಿ ಹಡಗನ್ನು ಶತ್ರುವಿನ ಜಲಾಂತರ್ಗಾಮಿ ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಅದರ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಾವು ಪಾರಾಗುವುದು ಬಿಟ್ಟು, ಉಳಿದವರನ್ನು ಇಳಿಸುತ್ತ ಹಡಗಿನ ಜತೆಗೇ ಹೋದರು. ಆ ಸುದ್ದಿ ಕೇಳಿಯೇ ನಿನ್ನ ಮುತ್ತಜ್ಜಿ ನನಗೆ…”

ಪುಟ್ಟಿ ನನ್ನ ಮಾತು ತಡೆದಳು. “ತಾತಾ, ಒಂದು ಕೇಳ್ಲಾ? ಮುತ್ತಜ್ಜಿ ತಡೆದರು ಅಂತ ನಿಮಗೆ ಅವರ ಮೇಲೆ ಸಿಟ್ಟು ಬರಲಿಲ್ವಾ? ನನಗಾದರೆ ಬರುತ್ತೆ. ನೀವು ತಡೆದರೆ ನಿಮ್ಮ ಮೇಲೂ ಬರುತ್ತೆ.”

ಅವಳು ಜಗಳದ ದನಿಯಲ್ಲಿ ಕೇಳಲಿಲ್ಲ. ನಿಜವಾಗಿ ತಿಳಿಯಬೇಕು ಎಂದು ಕೇಳಿದಳು. ಎದುರಿಗೆ ಆ ದೋಣಿ. ಅದರಾಚೆ ಕಡಲು. ನನಗೆ ಸುಳ್ಳು ಹೇಳಲು ನಾಲಗೆ ಏಳಲಿಲ್ಲ.

ಮಕ್ಕಳೇ, ಹಿರಿಯರೇ, ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಅದು ಕಾಫಿ ಕೊಯ್ಲಿನ ಕಾಲ. ತೋಟದ ಸಾಹುಕಾರರ ಮನೆಯ ರೇಡಿಯೋ ಮುಂದೆ ಸಂಜೆ ಎಲ್ಲರೂ ಸೇರುತ್ತಿದ್ದೆವು. ಕರಾಚಿಯ ಸುದ್ದಿ ಬಂದ ದಿನ ನಾನು ಕುಣಿದಿದ್ದೆ. ನನ್ನ ಕಾಗದ ಅಷ್ಟರಲ್ಲಾಗಲೇ ಬಂದಿತ್ತು. ಜನವರಿಯಲ್ಲಿ ತರಬೇತಿಗೆ ವಿಶಾಖಪಟ್ಟಣಕ್ಕೆ ಬಂದು ಸೇರಬೇಕು ಅಂತ. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ನಾನೇ ಓದಿ ಹೇಳಿದೆ. ಅಮ್ಮ ಅಳಲಿಲ್ಲ. ಮಾರನೆಯ ವಾರ ಕಳಸಕ್ಕೆ ಹೋಗಿ ಬಂದಳು. ಹೋಗುವಾಗ ಕಿವಿಯಲ್ಲಿ ಓಲೆ ಇತ್ತು. ಬರುವಾಗ ಇರಲಿಲ್ಲ, ಆಳಿನ ತಲೆಯ ಮೇಲೆ ಹೊಸ ಹಸಿರು ಟ್ರಂಕು ಇತ್ತು. “ದೂರದ ಊರು. ಬಟ್ಟೆಬರೆ ಗಂಟು ಕಟ್ಟಿಕೊಂಡು ಹೋದರೆ ನಾಕು ಜನ ನಗ್ತಾರೆ” ಅಂದಳು. ಡಬ್ಬಿ ತುಂಬ ಕೋಡುಬಳೆ ಕರಿದಿಟ್ಟಳು.

ಆಮೇಲೆ ಖುಕ್ರಿಯ ಸುದ್ದಿ ಬಂತು.

ನನಗೆ ಈಜು ಬರುತ್ತಿರಲಿಲ್ಲ. ಮಲೆನಾಡಿನ ಹುಡುಗ, ಮಳೆಯಲ್ಲೇ ಹುಟ್ಟಿದವನು. ಆದರೆ ಎಂಟು ವರ್ಷದವನಿದ್ದಾಗ ಆಷಾಢದ ಹೊಳೆಯಲ್ಲಿ ಒಮ್ಮೆ ಕಾಲು ಜಾರಿ, ಯಾರೋ ಜುಟ್ಟು ಹಿಡಿದು ಎಳೆದಿದ್ದರು. ಖುಕ್ರಿಯ ಸುದ್ದಿ ಕೇಳಿದ ರಾತ್ರಿ ಆ ನೀರು ಮತ್ತೆ ಮೂಗಿಗೆ ಬಂತು. ಮೂರು ರಾತ್ರಿ ನಿದ್ದೆಯಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅಮ್ಮ ಒಲೆ ಮುಂದೆ ಕುಳಿತಿದ್ದಳು. “ಅಮ್ಮಾ, ನಾನು ಹೋಗೋದಿಲ್ಲ” ಅಂದೆ. ಅವಳು ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ. “ಸರಿ ಮಗ” ಅಂದಳು, ಅಷ್ಟೇ.

ಊರಿನಲ್ಲಿ ಗೆಳೆಯರು ಕೇಳಿದಾಗ ನಾಚಿಕೆ ತಡೆಯದೆ, “ಅಮ್ಮ ಬಿಡಲಿಲ್ಲ ಕಣೋ” ಎಂದುಬಿಟ್ಟೆ. ಅದು ಅಮ್ಮನ ಕಿವಿಗೂ ಬಿತ್ತು. ಯಾರಾದರೂ ಅವಳನ್ನು ಕೇಳಿದರೆ, “ಹೌದು, ನಾನೇ ಬೇಡ ಅಂದೆ. ಹೆತ್ತ ಕರುಳು” ಎನ್ನುತ್ತಿದ್ದಳು. ಸಾಯುವವರೆಗೂ ಹಾಗೇ ಹೇಳಿದಳು. “ಎಂಥಾ ಅಂಜುಬುರುಕ ತಾಯಿ, ಹುಡುಗನ ಬಾಳು ಕೆಡಿಸಿದಳು” ಎಂದು ಜನ ಆಡಿಕೊಂಡದ್ದನ್ನು ನಗುತ್ತ ಕೇಳಿಸಿಕೊಂಡಳು. ಓಲೆ ಬಿಡಿಸಿಕೊಳ್ಳಲು ಆಗಲೇ ಇಲ್ಲ. ಅವಳ ಹತ್ತಿರ ಒಂದು ದಿನವೂ ನಾನು ಈ ಮಾತು ಎತ್ತಲಿಲ್ಲ. ಇವತ್ತು ಎತ್ತೋಣ, ನಾಳೆ ಎತ್ತೋಣ ಎಂದುಕೊಳ್ಳುತ್ತಿರುವಾಗಲೇ ಅವಳು ಹೊರಟುಹೋದಳು.

ನಾನು ಮಾತು ಮುಗಿಸಿದಾಗ ಕಡಲೆಕಾಯಿ ಪೊಟ್ಟಣ ಹಿಡಿದು ಮಗ ಹಿಂದೆಯೇ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ತಿಳಿಯದು.

ಪುಟ್ಟಿ ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅಲೆ ನೋಡುತ್ತ ಕುಳಿತಿದ್ದವಳು ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: “ಅಟ್ಟದ ಮೇಲಿನ ಟ್ರಂಕು ಅದೇನಾ?”

“ಅದೇ.”

“ತಾತಾ, ನನಗೂ ಈಜು ಬರೋದಿಲ್ಲ” ಅಂದಳು. ಮತ್ತೆ ಸ್ವಲ್ಪ ತಡೆದು, “ನನಗೂ ಹೆದರಿಕೆ ಇದೆ. ಅಪ್ಪನ ಹತ್ತಿರ ಹೇಳಿದರೆ ಅದೇ ನೆಪ ಆಗುತ್ತೆ ಅಂತ ಯಾರಿಗೂ ಹೇಳಿರಲಿಲ್ಲ” ಅಂದಳು.

ನೋಡಿ, ಅಲ್ಲಿಯವರೆಗೆ ನಾವು ಮೂವರೂ ನಮ್ಮ ನಮ್ಮ ಹೆದರಿಕೆಯನ್ನು ಬೇರೆ ಯಾವುದರದೋ ಕೆಳಗೆ ಬಚ್ಚಿಟ್ಟುಕೊಂಡಿದ್ದೆವು. ಮಗ ತನ್ನದನ್ನು ನನ್ನ ಕತೆಯ ಕೆಳಗೆ, ನಾನು ನನ್ನದನ್ನು ಅಮ್ಮನ ಸೆರಗಿನ ಕೆಳಗೆ, ಅವಳು ತನ್ನದನ್ನು ಹಟದ ಕೆಳಗೆ. ಕಡಲೆಕಾಯಿ ಬಿಡಿಸುತ್ತ ಕತ್ತಲಾಗುವವರೆಗೆ ಮಾತಾಡಿದೆವು. ಮಗ, “ನನಗೆ ನೀನು ಕಣ್ಣ ಮುಂದೆ ಇರಬೇಕು ಅನಿಸುತ್ತೆ, ಅಷ್ಟೇ ಕಣೇ” ಎಂದು ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಪುಟ್ಟಿ, ತಾರಿಣಿ ಎಂಬ ಹಾಯಿದೋಣಿಯಲ್ಲಿ ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು 2017-18ರಲ್ಲಿ ಪ್ರಪಂಚವನ್ನೇ ಸುತ್ತಿ ಬಂದ ಕತೆ ಹೇಳಿದಳು. 2024-25ರಲ್ಲಿ ಅದೇ ದೋಣಿಯಲ್ಲಿ ಇಬ್ಬರೇ ಹೋಗಿಬಂದರಂತೆ. “ಅವರಿಗೂ ಹೆದರಿಕೆ ಆಗಿರುತ್ತಲ್ವಾ ತಾತಾ?” ಅಂದಳು. ಆಗದೇ ಇರುತ್ತದೆಯೇ!

ಮರಳಿ ಬಂದ ಮಾರನೆಯ ದಿನ ಟ್ರಂಕು ಅಟ್ಟದಿಂದ ಇಳಿಯಿತು. ಕಂಬಳಿಗಳನ್ನು ಬಿಸಿಲಿಗೆ ಹಾಕಿದೆವು. ತಳದಲ್ಲಿ ಹಾಸಿದ್ದ ಹಳೆಯ ಪತ್ರಿಕೆಯ ಅಡಿಯಲ್ಲಿ ಆ ಕಾಗದ ಇನ್ನೂ ಇತ್ತು. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಪುಟ್ಟಿ ಅದನ್ನು ಜೋಪಾನವಾಗಿ ಓದಿ, ಮತ್ತೆ ಅಲ್ಲೇ ಇಟ್ಟು, ಅದರ ಮೇಲೆ ತನ್ನ ಗಣಿತ, ಭೌತಶಾಸ್ತ್ರದ ಪುಸ್ತಕಗಳನ್ನು ಜೋಡಿಸಿದಳು.

ಡಾಸನ್ ಅವರ ಬಗ್ಗೆ ಅವಳು ಬರೆದ ಪ್ರಬಂಧ ಆರು ಪುಟವಾಯಿತು. ತರಗತಿಯಲ್ಲಿ ಓದಿದಾಗ ಕಾರ್ಯಪ್ಪ, ತಿಮ್ಮಯ್ಯರ ಪಕ್ಷದವರೂ ಚಪ್ಪಾಳೆ ತಟ್ಟಿದರಂತೆ. ಕೊನೆಯ ಸಾಲಿನಲ್ಲಿ ಹೀಗೆ ಬರೆದಿದ್ದಳು: “ಅವರು ತಮ್ಮ ಕಾಲದಲ್ಲಿ ಮುಗಿಯದ ಕೆಲಸವನ್ನು ಶುರು ಮಾಡಿದರು. ಮುಗಿಸುವವರು ಬರುತ್ತಾರೆ ಎಂದು ನಂಬಿದ್ದರು.”

ಈಗ ಭಾನುವಾರ ಭಾನುವಾರ ಮಗನೇ ಅವಳನ್ನು ಪೇಟೆಯ ಈಜುಕೊಳಕ್ಕೆ ಕರೆದುಕೊಂಡು ಹೋಗುತ್ತಾನೆ. ಮುಂದಿನ ತೀರ್ಮಾನ ಪರೀಕ್ಷೆಯದು, ಅವಳದು. ಸೇರಿದರೂ ಸಂತೋಷ, ಮನಸ್ಸು ಬದಲಾಯಿಸಿದರೂ ಬೇಸರವಿಲ್ಲ. ಬದಲಾಯಿಸಿದರೆ ಮಾತ್ರ, “ತಾತ ಬಿಡಲಿಲ್ಲ” ಅನ್ನುವ ಹಾಗಿಲ್ಲ ಎಂದು ಕರಾರು ಮಾಡಿಕೊಂಡಿದ್ದೇವೆ.

ನಾನೂ ಜತೆಗೆ ಹೋಗುತ್ತೇನೆ. ಕೊಳದ ಅಂಚಿನಲ್ಲಿ ಪಂಚೆ ಎತ್ತಿ ಕಾಲು ಇಳಿಬಿಟ್ಟು ಕುಳಿತಿರುತ್ತೇನೆ. ಮೊದಲ ವಾರ ಪಾದ ಮುಳುಗುವಷ್ಟು. ಈಗ ಮೊಣಕಾಲಿನವರೆಗೆ ಬಂದಿದ್ದೇನೆ. ಎಪ್ಪತ್ತೊಂದನೆಯ ವರ್ಷಕ್ಕೆ ಇಷ್ಟು ಸಾಲದೇ?